ಧಾರಣೆಯಿಲ್ಲದ ದಾಸ್ತಾನು

ಮನೆಯಲ್ಲಿ ಉಲ್ಲನ್ ಹೆಚ್ಚುವುದು ಕೊಳ್ಳುವವರ ದುರಾಸೆಯಿಂದ ಎಂಬುದು ಹೆಣಿಗೆ ಬಾರದವರು ಹಬ್ಬಿಸಿರುವ ಅಪವಾದ. ಅದು ಹೆಚ್ಚುವುದು ಶುದ್ಧ ಅಂಕಗಣಿತದಿಂದ. ದೊಡ್ಡವರ ಒಂದು ಸ್ವೆಟರಿಗೆ 450 ಗ್ರಾಂ ಉಲ್ಲನ್ ಹಿಡಿಯುತ್ತದೆ ಎಂದಿಟ್ಟುಕೊಳ್ಳಿ; 50 ಗ್ರಾಂ ತೂಕದ ಒಂಬತ್ತು ಉಂಡೆಗಳು ಸಾಕು. ಆದರೆ ಬಣ್ಣ ಅದ್ದುವ ಒಂದೊಂದು ಸರದಿಗೂ ಬಣ್ಣ ಕೂದಲೆಳೆಯಷ್ಟು ಬದಲಾಗುವುದರಿಂದ ಉಂಡೆಯ ಮೇಲಿನ ಪಟ್ಟಿಯಲ್ಲಿ ಬಣ್ಣದ ನಂಬರಿನ ಜೊತೆಗೆ ಲಾಟ್ ನಂಬರನ್ನೂ ಮುದ್ರಿಸಿರುತ್ತಾರೆ. ಒಂಬತ್ತನ್ನೇ ತಂದು, ಎಡತೋಳಿನ ಮಣಿಕಟ್ಟಿನ ಹತ್ತಿರ ನೂಲು ಮುಗಿದುಹೋಗಿ, ಮತ್ತೆ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ಅದೇ ಬಣ್ಣವನ್ನು ತಂದರೆ, ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಕಾಣದ ಭೇದ ನಮ್ಮ ಅಂಗಳದ ಬಿಸಿಲಿನಲ್ಲಿ ಎದ್ದು ಕಾಣುತ್ತದೆ. ಆದ್ದರಿಂದ ತಿಳಿದವರು ಮೊದಲೇ ಹನ್ನೊಂದು ಉಂಡೆ ತರುತ್ತಾರೆ. ಉಳಿಯುವ ಎರಡು ಉಂಡೆ ಕೂಸಿನ ಕುಲಾವಿಗೆ ಹೆಚ್ಚು, ಅಂಗಿಗೆ ಕಡಿಮೆ. ಅವು ವ್ಯರ್ಥವಾಗಬಾರದೆಂದರೆ ಅವುಗಳಿಗೆ ಹೊಂದುವ ಇನ್ನೊಂದು ಬಣ್ಣದ ಎರಡು ಉಂಡೆಗಳನ್ನು ಕೊಳ್ಳಬೇಕಾಗುತ್ತದೆ. ಅಲ್ಲಿಯೂ ಮುಂಜಾಗ್ರತೆಗೆಂದು ಮೂರು ಕೊಳ್ಳುವುದು ಸಹಜ. ಇದರಲ್ಲಿ ದುರಾಸೆ ಎಲ್ಲಿದೆ?

ನಮ್ಮದು ತೀರ್ಥಹಳ್ಳಿ ಕಡೆಯ ಅಡಿಕೆ ತೋಟದ ಮನೆ. ಅಟ್ಟದ ಮೇಲೆ ಯಜಮಾನರ ಅಡಿಕೆ ಮೂಟೆಗಳಿಗೂ ನನ್ನ ಉಲ್ಲನ್ ಮೂಟೆಗಳಿಗೂ ನಡುವೆ ಒಂದು ಹಗ್ಗವನ್ನು ಗಡಿಯಾಗಿ ಕಟ್ಟಲಾಗಿದೆ. ಧಾರಣೆ ಏರಲಿ ಎಂದು ಅವರು ಮೂಟೆಗಳನ್ನು ಮಳೆಗಾಲ ದಾಟಿಸಿ ಇಟ್ಟುಕೊಂಡರೆ ಅದಕ್ಕೆ ವ್ಯವಹಾರಜ್ಞಾನವೆಂದು ಹೆಸರು. ಬಂಧುಬಳಗದಲ್ಲಿ ಯಾವುದಾದರೂ ಬಾಣಂತನದ ಸುದ್ದಿ ಬರಲಿ ಎಂದು ನಾನು ತಿಳಿಹಳದಿ ಉಲ್ಲನ್ ಇಟ್ಟುಕೊಂಡರೆ ಅದಕ್ಕೆ ಬೇರೆ ಹೆಸರು. ಒಮ್ಮೆ ಅವರು ಬಿಡುವಾಗಿದ್ದಾಗ ನನ್ನ ದಾಸ್ತಾನನ್ನು ಅಡಿಕೆ ಮಂಡಿಯ ದರ್ಜೆಗಳ ಕ್ರಮದಲ್ಲಿಯೇ, ಮೇಲಿನದರಿಂದ ಕೆಳಗಿನದಕ್ಕೆ, ವಿಂಗಡಿಸಿಕೊಟ್ಟರು. ಮೆರಿನೊ ಉಣ್ಣೆ ಸರಕು, ಉಣ್ಣೆ ಬೆರೆತದ್ದು ಬೆಟ್ಟೆ, ಅಕ್ರಿಲಿಕ್ ರಾಶಿ, ಉಳಿದ ಚೂರುಪಾರೆಲ್ಲ ಗೊರಬಲು. ವಿಂಗಡಣೆಯಲ್ಲಿ ನನಗೆ ತಕರಾರಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಗೊರಬಲೇ ಆಗಿದೆಯಲ್ಲ ಎಂದು ಅವರು ಹುಬ್ಬೇರಿಸಿದಾಗ ಮಾತ್ರ, ಮಂಡಿಯಲ್ಲಿ ಗೊರಬಲಿಗೂ ಒಂದು ಧಾರಣೆ ಇದೆ ಎಂಬುದನ್ನು ನೆನಪಿಸಬೇಕಾಯಿತು.

ಒಂದನ್ನು ಮುಗಿಸಿ ಇನ್ನೊಂದನ್ನು ಹಿಡಿಯಬಾರದೇ ಎಂದು ಕೇಳುವವರಿಗೆ ಮಲೆನಾಡಿನ ವಿದ್ಯುತ್ ಪರಿಚಯವಿಲ್ಲವೆಂದೇ ತಿಳಿಯಬೇಕು. ಆರಿದ್ರಾ ಮಳೆಯಲ್ಲಿ ಯಾವುದೋ ಮರ ತಂತಿಯ ಮೇಲೆ ಬಿದ್ದು ಹೋದ ಕರೆಂಟು ಪುನರ್ವಸುವಿನಲ್ಲಿ ಬಂದರೆ ಪುಣ್ಯ. ಮೇಣದ ಬತ್ತಿಯ ಬೆಳಕಿನಲ್ಲಿ ಜಡೆ ವಿನ್ಯಾಸದ ಸ್ವೆಟರ್ ಹೆಣೆಯಲಾಗದು. ಅಲ್ಲಿ ಕುಣಿಕೆಗಳನ್ನು ಮೂರನೆಯ ಕಡ್ಡಿಗೆ ಎತ್ತಿ, ಹಿಂದೆ ಮುಂದೆ ದಾಟಿಸಿ, ಎಷ್ಟನೆಯ ಸಾಲಿನಲ್ಲಿ ತಿರುವು ಎಂದು ಲೆಕ್ಕವಿಡಬೇಕು. ಕಪ್ಪು ಉಲ್ಲನ್ನಿನದಂತೂ ಹಗಲಿನ ಜಗಲಿಯಲ್ಲಿ ಮಾತ್ರ ಸಾಧ್ಯ. ಹಾಗಾಗಿ ಕತ್ತಲೆಗೆಂದು ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಇರುವ ಬಿಳಿಯ ಶಾಲು ಬೇಕು. ಶಿವಮೊಗ್ಗದ ಬಸ್ಸಿಗೆ ಚೀಲದಲ್ಲಿ ಹಿಡಿಯುವ ಕಾಲುಚೀಲ ಬೇಕು. ಮಂಡಗದ್ದೆಯಿಂದ ಸಕ್ರೆಬೈಲಿನವರೆಗೆ ತಿರುವುಗಳಲ್ಲಿ ಉದುರಿದ ಕುಣಿಕೆಗಳನ್ನು ಗಾಜನೂರು ದಾಟಿದ ಮೇಲೆ ಹೆಕ್ಕಿಕೊಳ್ಳುವುದು ರೂಢಿಯಾಗಿದೆ. ಒಮ್ಮೆ ಉಂಡೆಯೇ ಸೀಟಿನ ಕೆಳಗೆ ಉರುಳಿ, ಡ್ರೈವರ್ ಬ್ರೇಕ್ ಹಾಕಿದಾಗ ಮುಂದೆಯೂ ಏರು ಬಂದಾಗ ಹಿಂದೆಯೂ ಸಂಚರಿಸಿ, ಪ್ರಯಾಣಿಕರ ಕಾಲುಗಳನ್ನೆಲ್ಲ ಒಂದು ಸೂತ್ರದಲ್ಲಿ ಬಂಧಿಸಿತು. ಕಂಡಕ್ಟರ್ ಅದನ್ನು ಸುತ್ತಿ ಸುತ್ತಿ ನನ್ನ ಬಳಿಗೆ ತಂದುಕೊಟ್ಟರು. ಬಹಳ ಬಿಗಿಯಾಗಿ ಸುತ್ತಿದ್ದರು ಎಂಬುದೊಂದೇ ಕೊರತೆ, ಏಕೆಂದರೆ ಹಾಗೆ ಎಳೆದು ಸುತ್ತಿದ ಉಲ್ಲನ್ ಹೆಣಿಗೆಯಾಗಿ, ನೀರು ಕಂಡ ಮೇಲೆ ಕುಗ್ಗುತ್ತದೆ.

ಕಡ್ಡಿಗಳ ವಿಷಯ ಇನ್ನೂ ತೊಡಕಿನದು. ನಮ್ಮ ಅಂಗಡಿಗಳಲ್ಲಿ ಸಿಗುವ ಕಡ್ಡಿಗಳಿಗೆ ಹಳೆಯ ಬ್ರಿಟಿಷ್ ಲೆಕ್ಕದ ನಂಬರು. ನಂಬರು ಏರಿದಂತೆ ಕಡ್ಡಿ ಸಪೂರವಾಗುತ್ತದೆ. 8 ನಂಬರಿನದು 4 ಮಿಲಿಮೀಟರ್, 10 ನಂಬರಿನದು 3.25 ಮಿಲಿಮೀಟರ್. ಅಮೆರಿಕದಲ್ಲಿ ಇದು ತಿರುವುಮುರುವು. ಅಲ್ಲಿನ 8 ಎಂದರೆ 5 ಮಿಲಿಮೀಟರ್, 10 ಎಂದರೆ 6 ಮಿಲಿಮೀಟರ್. ಅಲ್ಲಿರುವ ಸೋದರ ಸೊಸೆ ತನ್ನ ಗಂಡನಿಗೆಂದು ಸ್ವೆಟರಿನ ವಿನ್ಯಾಸವನ್ನು ಫೋನಿನಲ್ಲಿ ಓದಿ ಬರೆಸಿದಾಗ 8 ನಂಬರಿನ ಕಡ್ಡಿ ಎಂದಷ್ಟೇ ಹೇಳಿದಳು. ಎದೆಯ ಸುತ್ತಳತೆ 100 ಸೆಂಟಿಮೀಟರ್ ಆಗಲು 10 ಸೆಂಟಿಮೀಟರಿಗೆ 20 ಕುಣಿಕೆಯಂತೆ 200 ಕುಣಿಕೆ. ಅದೇ 200 ಕುಣಿಕೆ 10 ಸೆಂಟಿಮೀಟರಿಗೆ 22ರಂತೆ ಬಿಗಿಯಾದರೆ ಸುತ್ತಳತೆ 91ಕ್ಕೆ ಇಳಿಯುತ್ತದೆ; ನನ್ನ ಸಪೂರ ಕಡ್ಡಿಯಲ್ಲಿ ಅದು ಇನ್ನೂ ಕೆಳಗಿಳಿಯಿತು. ಆ ಸ್ವೆಟರ್ ಅವಳ ಗಂಡನಿಗೆ ಆಗಲಿಲ್ಲ. ಅವಳಿಗೇ ಸರಿಯಾಗಿ ಹೊಂದಿತು. ಎರಡು ದೇಶಗಳ ನಡುವಿನ ಈ ವ್ಯತ್ಯಾಸದಿಂದ ಲಾಭ ಪಡೆದವಳು ಅವಳೊಬ್ಬಳೇ ಎಂಬ ಸಂಗತಿ ನನ್ನ ಮನಸ್ಸಿನಲ್ಲಿ ಒಂದು ಸಣ್ಣ ಅನುಮಾನವನ್ನು ಉಳಿಸಿದೆ.

ಮನೆಯವರ ದೃಷ್ಟಿಯಲ್ಲಿ ಹೆಣಿಗೆಯ ಕಡ್ಡಿ ಒಂದು ಸಾರ್ವಜನಿಕ ಆಸ್ತಿ. ಲಂಗಕ್ಕೆ ಲಾಡಿ ಪೋಣಿಸಲು, ಕೊಟ್ಟೆ ಕಡುಬು ಬೆಂದಿದೆಯೇ ಎಂದು ಚುಚ್ಚಿ ನೋಡಲು, ಗ್ಯಾಸ್ ಒಲೆಯ ತೂತು ಬಿಡಿಸಲು ಅದೇ ಬೇಕು. ಜೋಡಿ ತಪ್ಪಿ ಬಹುಕಾಲ ಹುಡುಕಿದ ಒಂದು 10 ನಂಬರಿನ ಕಡ್ಡಿ, ಅತ್ತೆಯವರ ಡೇರೆ ಗಿಡಕ್ಕೆ ಊರುಗೋಲಾಗಿ ನಿಂತಿರುವುದು ಶ್ರಾವಣದಲ್ಲಿ ಪತ್ತೆಯಾಯಿತು. ಗಿಡವನ್ನು ಕಡ್ಡಿಗೆ ಕಟ್ಟಿದ್ದು ಮೆರಿನೊ ಎಳೆಯಿಂದ. ಬಾಳೆಪಟ್ಟಿಗಿಂತ ಅದು ಮೆತ್ತಗಿದೆ, ದಂಟಿಗೆ ನೋವಾಗುವುದಿಲ್ಲ ಎಂದು ಅವರು ವಿವರಿಸಿದರು. ಆ ವರ್ಷ ಡೇರೆ ಹೂಗಳು ಅಂಗೈ ಅಗಲ ಅರಳಿದ್ದರಿಂದ ವಾದಕ್ಕೆ ಎಡೆಯೇ ಉಳಿಯಲಿಲ್ಲ. ಯಜಮಾನರ ಕೊಡುಗೆ ಬೇರೆಯ ಬಗೆಯದು. ಕೊಳೆರೋಗಕ್ಕೆ ಹೊಡೆಸುವ ಬೋರ್ಡೋ ದ್ರಾವಣವನ್ನು 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣದಂತೆ ಕಲಸಿ ಬಂದವರು, ಅದೇ ಕೈಯಲ್ಲಿ ಜಗಲಿಯ ಕೆನೆಬಣ್ಣದ ಉಂಡೆಗಳನ್ನು ಉಪಕಾರಕ್ಕೆಂದು ಎತ್ತಿಟ್ಟರು. ಆಗ ಮೂಡಿದ ತಿಳಿನೀಲಿಗೆ ಯಾವ ಕಾರ್ಖಾನೆಯಲ್ಲಿಯೂ ಲಾಟ್ ನಂಬರ್ ಸಿಗಲಾರದು.

ಉಣ್ಣೆ ತನ್ನ ತೂಕದ ಸುಮಾರು ಶೇಕಡಾ 30ರಷ್ಟು ನೀರಾವಿಯನ್ನು ಹೀರಿಕೊಂಡೂ ಮುಟ್ಟಿದರೆ ಒದ್ದೆಯೆನಿಸುವುದಿಲ್ಲ. ಹಿಂದಿನವರು ಕಂಬಳಿಕೊಪ್ಪೆ ಹೊದ್ದು ಜಡಿಮಳೆಯಲ್ಲಿ ನೆಟ್ಟಿ ಮಾಡುತ್ತಿದ್ದುದು ಸುಮ್ಮನೆ ಅಲ್ಲ. ಆದರೆ ಇದೇ ಗುಣದಿಂದಾಗಿ ಪುಷ್ಯ ಮಳೆಯಲ್ಲಿ ಒಗೆದ ಸ್ವೆಟರ್ ಒಣಗಿದೆಯೋ ಇಲ್ಲವೋ ಎಂಬುದು ನವರಾತ್ರಿಯವರೆಗೂ ಚರ್ಚೆಯ ವಿಷಯವಾಗಿ ಉಳಿಯುತ್ತದೆ. ಬಚ್ಚಲ ಒಲೆಯ ಮೇಲಿನ ಗಳುವಿಗೆ ಹಾಕಿದರೆ ಉಣ್ಣೆಗೆ ಹೊಗೆಯ ವಾಸನೆ ಹತ್ತುತ್ತದೆ, ಅಕ್ರಿಲಿಕ್ ಹೆಚ್ಚು ಶಾಖಕ್ಕೆ ಮೆತ್ತಗಾಗಿ ಆಕಾರ ಕಳೆದುಕೊಳ್ಳುತ್ತದೆ. ಅಟ್ಟದಲ್ಲಿ ನುಸಿಯ ಕಾಟವೂ ಉಂಟು. ಹಾರಾಡುವ ಪತಂಗ ಏನನ್ನೂ ತಿನ್ನುವುದಿಲ್ಲ, ಉಣ್ಣೆಯಲ್ಲಿರುವ ಕೆರಾಟಿನ್ ತಿನ್ನುವುದು ಅದರ ಮರಿಹುಳು ಎಂದು ಎಷ್ಟು ಹೇಳಿದರೂ ಅತ್ತೆಯವರು ಪೊರಕೆ ಹಿಡಿದು ಪತಂಗವನ್ನೇ ಅಟ್ಟಿಸಿಕೊಂಡು ಹೋಗುತ್ತಾರೆ. ಊರಿನಿಂದ ಬಂದಿದ್ದ ಅತ್ತಿಗೆಯೊಬ್ಬರು ನನ್ನ ಅತ್ಯುತ್ತಮ ಮೆರಿನೊ ಸ್ವೆಟರನ್ನು ಹಂಡೆಯ ಕುದಿನೀರಿನಲ್ಲಿ ನೆನೆಸಿ, ಸೋಪು ಹಚ್ಚಿ, ಕಲ್ಲಿಗೆ ಕುಕ್ಕಿ, ಅತ್ಯಂತ ಶ್ರದ್ಧೆಯಿಂದ ಒಗೆದುಕೊಟ್ಟರು. ಬಿಸಿ, ಸೋಪು, ಪೆಟ್ಟು ಮೂರೂ ಸೇರಿದರೆ ಉಣ್ಣೆಯ ಎಳೆಗಳ ಮೇಲಿನ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡು ಮತ್ತೆ ಬಿಡಿಸಿಕೊಳ್ಳುವುದಿಲ್ಲ. ಹಾಗೆ ದಪ್ಪಗಟ್ಟಿದ ಬಟ್ಟೆಯನ್ನು ಕತ್ತರಿಸಿದರೂ ಎಳೆ ಬಿಡುವುದಿಲ್ಲ, ಬೆಂಕಿಯೂ ಬೇಗ ಹತ್ತುವುದಿಲ್ಲ. ಒಲೆಯಿಂದ ಪಾತ್ರೆ ಇಳಿಸಲು ಮೆರಿನೊ ಮಸಿಅರಿವೆ ಬಳಸುವ ಮನೆ ತಾಲ್ಲೂಕಿನಲ್ಲಿ ನಮ್ಮದೊಂದೇ ಇರಬೇಕು.

ಹೋದ ಸಲ ಧಾರಣೆ ಏರಿದಾಗ ಅಟ್ಟದ ಮೂಟೆಗಳನ್ನು ಇಳಿಸುವ ಗಡಿಬಿಡಿಯಲ್ಲಿ ಹಗ್ಗದ ಗಡಿಯನ್ನು ಯಾರೂ ಗಮನಿಸಲಿಲ್ಲ. ನನ್ನದೂ ಗೋಣಿಚೀಲವೇ ಆದ್ದರಿಂದ, ಅದು ಅಡಿಕೆಯ ಸಂಗಡ ವ್ಯಾನು ಹತ್ತಿ ಶಿವಮೊಗ್ಗದ ಮಂಡಿಗೆ ಹೋಯಿತು. ಇಷ್ಟು ದೊಡ್ಡ ಚೀಲ ಇಷ್ಟು ಹಗುರಾಗಿರುವುದನ್ನು ಕಂಡು ಹಮಾಲರಿಗೆ ಸಂಶಯ ಬಂದು, ಬಾಯಿ ಬಿಚ್ಚಿ ನೋಡಿದರೆ ಒಳಗೆ ಕಡ್ಡಿ ಸಮೇತ ಅರ್ಧ ಮುಗಿದ ಕುಲಾವಿ, ಒಂಟಿ ಕಾಲುಚೀಲ ಮತ್ತು ನಾನಾ ಬಣ್ಣದ ಗೊರಬಲು. ಅಲ್ಲಿ ನೆರೆದವರೆಲ್ಲ ನಕ್ಕರೆಂದು ಯಜಮಾನರು ಫೋನಿನಲ್ಲಿ ಬೇಸರದಿಂದ ಹೇಳಿದರು. ಹೇಗೂ ಪೇಟೆಯಲ್ಲಿದ್ದೀರಲ್ಲ, ಆ ಕುಲಾವಿಯ ಬಣ್ಣವನ್ನೇ ತೋರಿಸಿ ಗಾಂಧಿ ಬಜಾರಿನಿಂದ ಎರಡು ಉಂಡೆ ತನ್ನಿ ಎಂದೆ. ಅಂಗಡಿಯಾತ ಒಂದು ಡಜನ್ ಕೊಂಡರೆ ದರ ಇಳಿಸುವುದಾಗಿ ಹೇಳಿದನಂತೆ. ವ್ಯವಹಾರಜ್ಞಾನವಿರುವ ಯಜಮಾನರು ಡಜನ್ನನ್ನೇ ತಂದರು. ಲಾಟ್ ನಂಬರ್ ಬೇರೆ ಇತ್ತು.