ಹಕ್ಕಿ ನೋಡಲು ಬೆಳಗಿನ ಆರು ಗಂಟೆಯೇ ಆಗಬೇಕಾ?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಹಕ್ಕಿ ನೋಡುವ ಕಾರ್ಯಕ್ರಮ ಅಂದರೆ ಬೆಳಿಗ್ಗೆ ಆರಕ್ಕೆ ಹಾಜರಿ. ಶಿರಸಿ, ದಾಂಡೇಲಿ ಕಾಡಿಗೆ ಅದು ಸರಿ, ಅಲ್ಲಿ ಹಕ್ಕಿಗಳು ಚುರುಕಾಗಿರುವುದೇ ಆಗ. ಅದೇ ವೇಳೆಯನ್ನು ಕರಾವಳಿಗೂ ತಂದಿದ್ದೇವೆ. ಬರುವವರು ಯಾರು ನೋಡಿ. ಜಾಸ್ತಿ ಕ್ಯಾಮೆರಾ ಹಿಡಿದ ಗಂಡಸರೇ. ಮನೆಯ ಹೆಂಗಸರು ಆ ಹೊತ್ತಿಗೆ ಒಲೆಯ ಮುಂದೆ, ಮಕ್ಕಳು ಇನ್ನೂ ಹಾಸಿಗೆಯಲ್ಲಿ. ಅಜ್ಜ ಅಜ್ಜಿಯನ್ನಂತೂ ಯಾರೂ ಕರೆಯುವುದೇ ಇಲ್ಲ.

ಕುಮಟಾ ಹತ್ತಿರ ಅಘನಾಶಿನಿ ನದಿ ಸಮುದ್ರ ಸೇರುವ ಅಳಿವೆಯ ಹಕ್ಕಿಗಳು ನೀರು ನೋಡಿಕೊಂಡು ಮೇಯುತ್ತವೆ. ಭರತದಲ್ಲಿ ಕೆಸರು ಬಯಲು ಮುಳುಗಿರುತ್ತದೆ. ಚಳಿಗಾಲಕ್ಕೆ ಉತ್ತರದಿಂದ ಬಂದ ಗೊರವಗಳು, ಉದ್ದ ಬಾಗಿದ ಕೊಕ್ಕಿನ ಕರ್ಲ್ಯೂಗಳು ಎತ್ತರದ ಜಾಗದಲ್ಲಿ ಒತ್ತೊತ್ತಾಗಿ ನಿಂತು ಕಾಯುತ್ತವೆ. ಇಳಿತ ಶುರುವಾಗಿ ಕೆಸರು ಕಂಡರೆ ಸಾಕು, ಹುಳ, ಏಡಿ, ಚಿಪ್ಪು ಹುಡುಕುತ್ತಾ ಹರಡಿಕೊಳ್ಳುತ್ತವೆ. ಇಳಿತದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ. ಅಂದರೆ ತಿಂಗಳಲ್ಲಿ ಒಂದಾದರೂ ಭಾನುವಾರ, ತಿಂಡಿಯಾದ ಮೇಲೋ ಸಂಜೆ ಚಹಾ ಹೊತ್ತಿಗೋ ನೀರು ಇಳಿಯುತ್ತಿರುತ್ತದೆ. ಆ ದಿನವನ್ನೇ ಆರಿಸಿಕೊಳ್ಳಬಹುದಲ್ವಾ?

ಆ ಲೆಕ್ಕ ಕೈಬೆರಳಲ್ಲಿ ಇರುವುದು ಕೆಸರಿನಲ್ಲಿ ಬಳಚು ಅನ್ನುವ ಚಿಪ್ಪುಮೀನು ಹೆಕ್ಕುವ ಅಕ್ಕಂದಿರಿಗೆ. ಯಾವ ದಿಬ್ಬ ಮೊದಲು ಏಳುತ್ತದೆ, ಎಲ್ಲಿ ಕಾಲು ಹೂತುಹೋಗುತ್ತದೆ, ಎಲ್ಲಿ ಹಕ್ಕಿ ಹೆಚ್ಚು ಕೂರುತ್ತದೆ, ಅವರಿಗೆ ಗೊತ್ತು. ಪುಸ್ತಕ ಓದಿದವರು ಹೆಸರು ಹೇಳಲಿ, ಬೇಡ ಅನ್ನುವುದಿಲ್ಲ. ದಾರಿ ತೋರಿಸುವ ಕೆಲಸ ಈ ಅಕ್ಕಂದಿರಿಗೆ ಕೊಡಬೇಕು, ಸಂಬಳ ಕೊಟ್ಟು. ಅವರ ದುಡಿಮೆಯ ಹೊತ್ತನ್ನು ನಾವು ಬಿಟ್ಟಿ ತೆಗೆದುಕೊಳ್ಳಬಾರದು.

ಮಕ್ಕಳನ್ನು ಕೆಸರಿಗೆ ಇಳಿಸುವುದು ಬೇಡ. ಉಪ್ಪುನೀರು ಬರುವ ಗಜನಿ ಗದ್ದೆಯ ಕಟ್ಟೆಯ ಮೇಲೆ ನಿಂತರೂ ಬೆಳ್ಳಕ್ಕಿ, ಮಿಂಚುಳ್ಳಿ, ಗರುಡ ಬರಿಗಣ್ಣಿಗೇ ಕಾಣುತ್ತವೆ. ಗುಂಪಿಗೆ ಎರಡು ಮೂರು ದುರ್ಬೀನು ಧಾರಾಳ ಸಾಕು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ ಕರೆಯುವುದು, ಫೋಟೋಗಾಗಿ ಹಿಂಡನ್ನು ಎಬ್ಬಿಸುವುದು ಮಾತ್ರ ಖಂಡಿತ ಕೂಡದು. ಬೇಸಿಗೆಗೆ ಸಾವಿರಾರು ಕಿಲೋಮೀಟರ್ ವಾಪಸ್ ಹಾರಬೇಕಾದ ಹಕ್ಕಿ ಮೈಯಲ್ಲಿ ಕೊಬ್ಬು ಕೂಡಿಸುತ್ತಿರುತ್ತದೆ. ನಾವು ಎಬ್ಬಿಸಿದಷ್ಟೂ ಅದು ಕರಗುತ್ತದೆ.

2024ರಲ್ಲಿ ಈ ಅಳಿವೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿತು. 4,801 ಹೆಕ್ಟೇರ್. ಖುಷಿಯ ವಿಷಯವೇ. ಆದರೆ ವರ್ಷಕ್ಕೊಮ್ಮೆ ವೇದಿಕೆ, ಬ್ಯಾನರ್, ಭಾಷಣ ಮಾಡಿದರೆ ಅಳಿವೆಗೆ ಏನೂ ಸಿಗುವುದಿಲ್ಲ. ಒಂದೇ ಜಾಗಕ್ಕೆ ಪ್ರತಿ ತಿಂಗಳು ಹೋಗಿ, 15 ನಿಮಿಷ ಎಣಿಸಿ, ಹಕ್ಕಿ ಲೆಕ್ಕ ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಹಾಕಿದರೆ ಅದು ದಾಖಲೆ. ನಾಳೆ ಹಕ್ಕಿ ಕಡಿಮೆಯಾದರೆ ತೋರಿಸಲು ಕೈಯಲ್ಲಿ ಏನಾದರೂ ಇರುತ್ತದೆ. ಫೆಬ್ರವರಿಯಲ್ಲಿ ನಾಲ್ಕು ದಿನ ಜಗತ್ತಿನಾದ್ಯಂತ ನಡೆಯುವ ಹಕ್ಕಿ ಗಣತಿ, ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್‌ಗೆ ಮನೆಯಂಗಳದಲ್ಲಿ ಕೂತೇ ಎಣಿಸಬಹುದು. ನಡೆಯಲಾಗದ ಅಜ್ಜಿಯೂ ಮೊಮ್ಮಗನಿಗೆ ಪಿಕಳಾರ, ಕುಟ್ರು, ಕೆಂಬೂತ ಅಂತ ಹೇಳಿ ಬರೆಸಬಹುದು.

ಬೀಚಿನ ಶ್ರಮದಾನದ ಬಗ್ಗೆಯೂ ಒಂದು ಮಾತು. ಪ್ಲಾಸ್ಟಿಕ್, ಥರ್ಮಾಕೋಲ್, ಹರಿದ ಬಲೆ ಹೆಕ್ಕಿ. ಹರಿದ ಬಲೆ ಮೊದಲು ತೆಗೆಯಿರಿ, ಹಕ್ಕಿ ಮತ್ತು ಆಮೆ ಎರಡೂ ಅದರಲ್ಲಿ ಸಿಕ್ಕಿಕೊಳ್ಳುತ್ತವೆ. ಅಲೆ ತಂದು ಹಾಕಿದ ಪಾಚಿ, ಚಿಪ್ಪು ಹಾಗೇ ಇರಲಿ. ಅದರಡಿಯ ಸಣ್ಣ ಹುಳಗಳು ಹಕ್ಕಿಗಳ ಊಟ. ಮರಳು ಹೊಳೆಯಬೇಕು ಅಂತ ಪೂರ್ತಿ ಗುಡಿಸುವುದನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕುಮಟಾ, ಗೋಕರ್ಣ, ಹೊನ್ನಾವರ ಕಡೆಯವರು ಯಾರಾದರೂ ತಿಂಗಳಿಗೊಂದು ಭಾನುವಾರ ಕೊಡಬಲ್ಲಿರಾ? ಮನೆಯಲ್ಲಿ ದುರ್ಬೀನು ಸುಮ್ನೆ ಬಿದ್ದಿದ್ದರೆ ಅದನ್ನೂ ತನ್ನಿ, ಮಕ್ಕಳನ್ನೂ ಕರೆತನ್ನಿ. ಇಳಿತ ನೋಡಿಕೊಂಡು ದಿನ ಗೊತ್ತುಮಾಡೋಣ.