ಮಳೆರಾಯನಿಗೂ ಒಂದು ಕನ್ಸೆಂಟ್ ಕೊಟ್ಟುಬಿಡಿ

ಬೆಂಗಳೂರಿನ ಕೈಗಾರಿಕಾ ಪ್ರದೇಶ ಪೀಣ್ಯದಲ್ಲಿ ಲೋಹಕ್ಕೆ ಕ್ರೋಮ್ ಲೇಪಿಸುವ ಯಾವುದಾದರೊಂದು ಸಣ್ಣ ಪ್ಲೇಟಿಂಗ್ ಶಾಪಿನ ಕನ್ಸೆಂಟ್ ಅರ್ಜಿ, ಎಂದರೆ ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಕೇಳುವ ಅರ್ಜಿ, ಸಿಕ್ಕರೆ ನೀರಿನ ಲೆಕ್ಕದ ಪುಟ ತೆಗೆದು ನೋಡಿ. ಕಣ್ಣಿಗೊತ್ತಿಕೊಳ್ಳುವ ಹಾಗಿರುತ್ತದೆ. ಬೋರ್‌ವೆಲ್ಲಿನಿಂದ 10 ಕೆಎಲ್‌ಡಿ, ಎಂದರೆ ದಿನಕ್ಕೆ 10,000 ಲೀಟರ್ ಒಳಗೆ. ಅದರಲ್ಲಿ 2,000 ಆವಿಯಾಯಿತು, 5,000 ಶುದ್ಧವಾಗಿ ಮತ್ತೆ ಬಳಕೆಗೆ ಬಂತು, ಮಿಕ್ಕ 3,000 ಉದ್ಯಾನಕ್ಕೆ. ಹೊರಗೆ ಬಿಡುವುದು ಸೊನ್ನೆ. ಉದ್ಯಾನ ಎಲ್ಲಿದೆ ಎಂದು ಹುಡುಕಿದರೆ ಗೇಟಿನ ಪಕ್ಕ ಮೂರು ಕುಂಡ. ಎರಡು ಕ್ರೋಟನ್, ಒಂದು ತುಳಸಿ. ಮನುಷ್ಯನಿಗೆ ದಿನಕ್ಕೆ 135 ಲೀಟರ್ ಸಾಕು ಎಂದು ಲೆಕ್ಕ ಹಾಕುವ ಊರಿನಲ್ಲಿ ಈ ತುಳಸಮ್ಮ ಒಬ್ಬಳೇ ಸಾವಿರ ಲೀಟರ್ ಕುಡಿಯುತ್ತಾಳೆ. ಆದರೂ ಎಲೆ ಒಣಗಿದೆ, ಅದು ಬೇರೆ ಮಾತು.

ಕುಂಡ ಕುಡಿಯದೆ ಉಳಿಸಿದ ನೀರಿಗೆ ಇಟಿಪಿ, ಎಂದರೆ ತ್ಯಾಜ್ಯನೀರು ಶುದ್ಧಮಾಡುವ ಘಟಕ, ಇದ್ದೇ ಇದೆ. ಕ್ರೋಮ್ ತೊಟ್ಟಿಯ ತೊಳೆನೀರು ಹಳದಿ. ಆ ಹಳದಿಯೇ ಆರು ವೇಲೆನ್ಸಿಯ ಕ್ರೋಮಿಯಂ, ವಿಷ. ಇದನ್ನು ಪಳಗಿಸುವ ಕ್ರಮ ಸರಳ. ಮೊದಲು ಸಲ್ಫ್ಯೂರಿಕ್ ಆಸಿಡ್ ಹಾಕಿ ಪಿಎಚ್ 3ಕ್ಕಿಂತ ಕೆಳಗಿಳಿಸಬೇಕು, ಸೋಡಿಯಂ ಮೆಟಾಬೈಸಲ್ಫೈಟ್ ಹಾಕಿ ಕಲಕಬೇಕು, ಹಳದಿ ಹೋಗಿ ಹಸಿರಾಗುವ ತನಕ ಕಾಯಬೇಕು. ಆಮೇಲೆ ಸುಣ್ಣ ಹಾಕಿ ಪಿಎಚ್ 8-9ಕ್ಕೆ ಏರಿಸಿದರೆ ಕ್ರೋಮಿಯಂ ಹಸಿರು ಸ್ಲಡ್ಜ್ (ಕೆಸರು) ಆಗಿ ತಳಕ್ಕೆ ಕೂರುತ್ತದೆ. ಇಷ್ಟರಲ್ಲಿ ಆಸಿಡ್ ದುಡ್ಡು, ಮೆಟಾಬೈಸಲ್ಫೈಟ್ ದುಡ್ಡು, ಆ ಸ್ಲಡ್ಜನ್ನು ಅಪಾಯಕಾರಿ ತ್ಯಾಜ್ಯವೆಂದು ಸಾಗಿಸುವ ದುಡ್ಡು. ಹಾಗಾಗಿ ಬುದ್ಧಿವಂತರು ಮೊದಲಿನ ಅರ್ಧ ಬಿಟ್ಟು ನೇರ ಸುಣ್ಣಕ್ಕೇ ಕೈ ಹಾಕುತ್ತಾರೆ. ಪಿಎಚ್ ಮೀಟರ್ 7.5 ತೋರಿಸುತ್ತದೆ, ಎಲ್ಲರ ಮುಖವೂ ಅರಳುತ್ತದೆ. ಆರು ವೇಲೆನ್ಸಿಯ ಕ್ರೋಮಿಯಂ ಮಾತ್ರ ಸುಣ್ಣಕ್ಕೆ ಬಗ್ಗುವ ಆಸಾಮಿಯಲ್ಲ. ಬಂದ ಹಾಗೇ ಹಳದಿಯಾಗಿ, ಸಲಾಮು ಹೊಡೆದು, ಆಚೆ ಹೋಗುತ್ತದೆ.

ಲಾಗ್‌ಬುಕ್ಕಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಮೂರು ತಿಂಗಳ ಪುಟಗಳು ಒಂದೇ ಪೆನ್ನಿನಲ್ಲಿ, ಒಂದೇ ಮಧ್ಯಾಹ್ನದಲ್ಲಿ ತುಂಬಿದ್ದು ದೂರದಿಂದಲೇ ಗೊತ್ತಾಗುತ್ತದೆ. ಕೆರೆಕಾಲುವೆಗೆ ಬಿಡುವ ನೀರಿಗೆ ಸಿಒಡಿ, ಎಂದರೆ ಕೊಳೆಯನ್ನು ಅಳೆಯುವ ಒಂದು ಲೆಕ್ಕ, ಲೀಟರಿಗೆ 250 ಮಿಲಿಗ್ರಾಂ ಮಿತಿ ಇದ್ದರೆ ಪುಸ್ತಕದಲ್ಲಿ ದಿನವೂ 240. ಆಯುಧಪೂಜೆಯ ದಿನ, ಎಲ್ಲ ಮೆಷೀನಿಗೂ ಕುಂಬಳಕಾಯಿ ಒಡೆದು ಬೀಗ ಹಾಕಿದ ದಿನ, ಆವತ್ತೂ 240. ಜೂನ್ 31ಕ್ಕೂ 240.

ಇಷ್ಟಾದರೂ ನೀರು ಹೋಗಲೇಬೇಕಲ್ಲ? ಅದಕ್ಕೆ ಮಳೆ. ಕನ್ಸೆಂಟಿನ ಷರತ್ತುಗಳ ನಡುವೆ ಒಂದು ಸಾಲು ಇರುತ್ತದೆ, ಮಳೆನೀರೂ ತ್ಯಾಜ್ಯನೀರೂ ಬೆರೆಯಕೂಡದು, ಮಳೆಗೆ ಬೇರೆ ಚರಂಡಿ ಇರಬೇಕು ಅಂತ. ನಕ್ಷೆಯಲ್ಲಿ ಅವು ನೀಲಿ ಗೆರೆ, ಕೆಂಪು ಗೆರೆಯಾಗಿ ಮಡಿ ಮೈಲಿಗೆಯ ಅಂತರ ಕಾಯ್ದುಕೊಂಡಿವೆ. ಜಾಗದಲ್ಲಿ ನೋಡಿದರೆ ಜನರೇಟರ್ ಹಿಂದೆ ಎರಡನ್ನೂ ಜೋಡಿಸುವ ಒಂದು ಗೇಟ್ ವಾಲ್ವ್. ಸಂಜೆ ಐದಕ್ಕೆ ಮೋಡ ಕಟ್ಟಿತೆಂದರೆ ಅದರ ಚಕ್ರ ತಿರುಗುತ್ತದೆ.

ಮಳೆ ತೊಳೆದುಕೊಂಡು ಹೋಗುತ್ತದೆ ಎನ್ನುವವರಿಗೆ ಸಣ್ಣ ಲೆಕ್ಕ. ಅರ್ಧ ಎಕರೆ ಜಾಗ, 2,000 ಚದರ ಮೀಟರ್ ಅನ್ನಿ. 50 ಮಿಲಿಮೀಟರ್ ಸುರಿದರೆ 1 ಲಕ್ಷ ಲೀಟರ್. ಅದಕ್ಕೆ ಲೀಟರಿಗೆ 50 ಮಿಲಿಗ್ರಾಂ ಆರು ವೇಲೆನ್ಸಿಯ ಕ್ರೋಮಿಯಂ ಇರುವ ತೊಳೆನೀರು ಬರೀ 500 ಲೀಟರ್ ಸೇರಿಸಿ. ಲೀಟರಿಗೆ 0.25 ಮಿಲಿಗ್ರಾಂ ಬಂತು. ಮಿತಿ 0.1. ಇಡೀ ಮಳೆಯನ್ನೇ ಪಾಲುದಾರನಾಗಿ ಸೇರಿಸಿಕೊಂಡರೂ ಎರಡೂವರೆ ಪಟ್ಟು ಮಿಕ್ಕಿತು. ವಾಲ್ವ್ ಮುಟ್ಟದ ಪ್ರಾಮಾಣಿಕನೂ ಪಾರಲ್ಲ. ಅಂಗಳದ ಎಣ್ಣೆ, ಲೋಹದ ಪುಡಿ, ಸೋರುವ ಡ್ರಮ್ಮಿನ ಕೊಳೆಯಲ್ಲಿ ಬಹುಪಾಲು ಮೊದಲ ಮಳೆಯಲ್ಲೇ ಹೊರಡುತ್ತದೆ. ಆ ಮೊದಲ 10 ಮಿಲಿಮೀಟರ್ ಹಿಡಿದಿಡಲು 20,000 ಲೀಟರ್ ತೊಟ್ಟಿ ಬೇಕು, ಡ್ರಮ್ಮಿಗೆ ಸೂರು ಬೇಕು, ಸುತ್ತ ಕಟ್ಟೆ ಬೇಕು. ತೊಟ್ಟಿ ಕಟ್ಟಬೇಕಾದ ಜಾಗದಲ್ಲಿ ಓನರ್ ಕಾರು ನಿಲ್ಲುತ್ತದೆ.

ಮಂಡಳಿಯವರು ಸ್ಯಾಂಪಲ್ ತೆಗೆಯುವುದಿಲ್ಲವೇ ಅಂತೀರಾ? 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ನೋಟಿಸ್ ಕೊಟ್ಟು, ಮಾಲೀಕರ ಎದುರಿಗೇ ಎರಡು ಪಾಲು ಮಾಡಿ, ಸೀಲ್ ಹಾಕಿ ಒಯ್ಯುತ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ, ಸುಡು ಬಿಸಿಲಿನಲ್ಲಿ. ಸಂಜೆ ಆರರ ಮಳೆಯಲ್ಲಿ ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬಾಟಲಿ ಹಿಡಿದು ಬಾ ಎಂದು ಯಾವ ಸೆಕ್ಷನ್ನೂ ಹೇಳಿಲ್ಲ.

ಕಾಂಪೌಂಡ್ ದಾಟಿದ ಮೇಲಂತೂ ನೀರಿಗೆ ಅಪ್ಪ ಅಮ್ಮ ಬದಲಾಗುತ್ತಾರೆ. ಒಳಚರಂಡಿಗೆ ಬಿದ್ದರೆ ಜಲಮಂಡಳಿ, ರಾಜಕಾಲುವೆಗೆ ಬಿದ್ದರೆ ಪಾಲಿಕೆ. ಊರಿನ ಇನ್ನೊಂದು ದಿಕ್ಕಿನ ಬೆಳ್ಳಂದೂರು ಕೆರೆಗೆ 2018ರ ಜನವರಿಯಲ್ಲಿ ಬೆಂಕಿ ಬಿದ್ದಾಗ ಸೈನಿಕರೂ ಬಂದು ಆರಿಸಬೇಕಾಯಿತು. ವೃಷಭಾವತಿ ನದಿಯ ಪಾಲಿಗೆ ಬಿದ್ದ ನೀರು ಮೈಸೂರು ರಸ್ತೆಯುದ್ದಕ್ಕೂ ಮೂಗು ಮುಚ್ಚಿಸಿಕೊಂಡು ಬೈರಮಂಗಲ ಕೆರೆ ಸೇರುತ್ತದೆ. ಅಲ್ಲಿಂದಾಚೆ ರೈತನ ಹಣೆಬರಹ.

ಇತ್ತ ಪೀಣ್ಯದಲ್ಲಿ ಮಳೆ ನಿಂತಿದೆ. ಆಪರೇಟರ್ ವಾಲ್ವ್ ಮುಚ್ಚಿ, ಒದ್ದೆ ಕೈ ಒರೆಸಿಕೊಂಡು, ಅದೇ ಪೆನ್ನಿನಲ್ಲಿ ಬರೆಯುತ್ತಾನೆ: ‘ಸಿಒಡಿ 240. ಹೊರಗೆ ಬಿಟ್ಟದ್ದು ಸೊನ್ನೆ. ಉದ್ಯಾನಕ್ಕೆ 3,000 ಲೀಟರ್.’ ತುಳಸಿ ಕುಂಡ ಮಳೆಯಲ್ಲಿ ಮಗುಚಿ ಬಿದ್ದಿದೆ.