ಹೋಗದ ದ್ವೀಪಕ್ಕೆ ದಾರಿ

ಕಳೆದ ವಾರ ಚಿಕ್ಕಪ್ಪ ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದು ಜಾಹೀರಾತು ಹಾಕಿದರು. ನೀಲಿ ನೀರು, ಮರದ ಕಾಲುಸಂಕ, ಅದರ ತುದಿಯಲ್ಲಿ ನೀರಿನ ಮೇಲೆ ನಿಂತ ಹುಲ್ಲುಮಾಡಿನ ಕೋಣೆ. ನಾಲ್ಕು ರಾತ್ರಿ, ಐದು ಹಗಲು, ಮಕ್ಕಳಿಗೆ ಉಚಿತ. ಕೆಳಗೆ ಅವರದೇ ಷರಾ: 'ಬೇಸಿಗೆ ರಜೆಗೆ ಎಲ್ಲರೂ ಒಟ್ಟಿಗೆ ಹೋಗೋಣವೇ?' ಜಾಹೀರಾತು ಮಾಲ್ಡೀವ್ಸಿನದು.

ಇದೇ ಚಿಕ್ಕಪ್ಪ 2024ರ ಜನವರಿಯಲ್ಲಿ ಮಾಲ್ಡೀವ್ಸನ್ನು ಬಹಿಷ್ಕರಿಸಿದವರು. 'ನಮ್ಮ ಪ್ರವಾಸ ರದ್ದು. ದೇಶ ಮೊದಲು' ಎಂದು ಇದೇ ಗುಂಪಿನಲ್ಲಿ ಬೆಳಗಿನ ಐದೂವರೆಗೆ ಘೋಷಿಸಿದ್ದರು. ಹದಿನಾಲ್ಕು ಮಂದಿ ಕೈಮುಗಿದಿದ್ದೆವು. ಚಿಕ್ಕಪ್ಪನ ಬಳಿ ಆಗ ಟಿಕೆಟ್ ಇರಲಿಲ್ಲ, ಕೋಣೆ ಕಾಯ್ದಿರಿಸಿರಲಿಲ್ಲ. ಪಾಸ್‌ಪೋರ್ಟ್ ಅಂತೂ ಈಗಲೂ ಇಲ್ಲ. ಹೋಗದ ಊರಿಗೆ ದಾರಿ ಕೇಳುವವರನ್ನು ನಮ್ಮ ಹಿರಿಯರು ಕಂಡಿದ್ದರು. ಹೋಗದ ಊರಿನ ಪ್ರಯಾಣ ರದ್ದು ಮಾಡುವವರನ್ನು ಕಾಣುವ ಭಾಗ್ಯ ನಮ್ಮ ಪಾಲಿಗೆ ಬಂತು.

ಕಥೆ ನಿಮಗೆ ಗೊತ್ತೇ ಇದೆ. ಪ್ರಧಾನಿ ಲಕ್ಷದ್ವೀಪಕ್ಕೆ ಹೋದರು, ಕಡಲಲ್ಲಿ ಮುಳುಗಿ ಎದ್ದರು, ಚಿತ್ರ ಹಾಕಿದರು. ಅತ್ತ ಮಾಲ್ಡೀವ್ಸಿನ ರಾಜಧಾನಿ ಮಾಲೆಯಲ್ಲಿ ಮೂವರು ಉಪಮಂತ್ರಿಗಳು ಅವರ ಬಗ್ಗೆ ನಾಲಗೆ ಹರಿಯಬಿಟ್ಟು ಅಮಾನತಾದರು. ಇತ್ತ ನಮ್ಮ ರಕ್ತ ಕುದಿಯಿತು. ಪ್ರಯಾಣದ ಟಿಕೆಟ್ ಮಾರುವ ಒಂದು ಕಂಪನಿ, ತನ್ನಲ್ಲಿ ಲಕ್ಷದ್ವೀಪದ ಹುಡುಕಾಟ ಶೇಕಡಾ 3400ರಷ್ಟು ಏರಿದೆ ಎಂದು ಹೇಳಿಕೊಂಡಿತು. ಚಿತ್ರನಟರು ಸಾಲುಗಟ್ಟಿ ನಮ್ಮ ದ್ವೀಪಗಳನ್ನು ಹೊಗಳಿದರು. ಅವರಲ್ಲೊಬ್ಬರು 'ನಮ್ಮದನ್ನೇ ನೋಡಿ' ಎಂದು ಹಾಕಿದ ಚಿತ್ರ ಮಾಲ್ಡೀವ್ಸಿನದಾಗಿತ್ತು. ಪಾಪ, ಅಳಿಸಿಹಾಕಿದರು. ನನಗೆ ಮಾತ್ರ ಆ ಇಡೀ ವಾರದಲ್ಲಿ ಅದೊಂದೇ ಪ್ರಾಮಾಣಿಕ ಚಿತ್ರ ಅನ್ನಿಸಿತ್ತು. ನಮಗೆ ಬೇಕಾಗಿದ್ದದ್ದು ನೀಲಿ ನೀರು ಮತ್ತು ಸಿಟ್ಟು, ಎರಡೇ. ಯಾವ ದ್ವೀಪವಾದರೇನು?

ಈ ದೇಶಸೇವೆಯ ಸೊಗಸನ್ನು ಹೊಗಳದೆ ಇರಲಾಗದು. ಉಪ್ಪಿನ ಸತ್ಯಾಗ್ರಹಕ್ಕೆ ಇಪ್ಪತ್ನಾಲ್ಕು ದಿನ ನಡೆಯಬೇಕಾಗಿತ್ತು. ಇದಕ್ಕೆ ಹಾಸಿಗೆಯಿಂದ ಏಳಬೇಕಾಗಿಲ್ಲ.

ಆದರೂ ನಮ್ಮ ಮನೆಯವರನ್ನು ಪೂರ್ತಿ ಬಾಯಿಮಾತಿನವರು ಎನ್ನುವಂತಿಲ್ಲ. ಮಾಲ್ಡೀವ್ಸಿಗೆ ಹೋಗದೆ ಇರುವುದು ಸುಲಭವಾಗಿ ನೆರವೇರಿದ್ದರಿಂದ ಹುರುಪುಗೊಂಡು, ಲಕ್ಷದ್ವೀಪಕ್ಕೆ ಹೋಗುವ ತೀರ್ಮಾನವನ್ನೂ ಮಾಡಿದೆವು. ಹದಿನಾಲ್ಕು ಜನ, ಮೂರು ತಲೆಮಾರು. ಅಲ್ಲಿಂದ ಶುರುವಾಯಿತು ನಮ್ಮ ಭೂಗೋಳದ ಪಾಠ.

ಮೊದಲ ಪೆಟ್ಟು ಹೆಸರಿನದೇ. ಲಕ್ಷದ್ವೀಪ ಎಂದಮೇಲೆ ಲಕ್ಷವಲ್ಲದಿದ್ದರೂ ಸಾವಿರವಾದರೂ ಇರಬಹುದು ಎಂದುಕೊಂಡಿದ್ದ ಸೋದರತ್ತೆಗೆ, ಇರುವುದು 36 ಎಂದು ತಿಳಿದು ಮೋಸಹೋದಂತಾಯಿತು. ಲೆಕ್ಕಕ್ಕೆ 99,964 ಕಡಿಮೆ. ಮೂವತ್ತಾರನ್ನೂ ಒಟ್ಟಿಗೆ ಸೇರಿಸಿದರೆ 32 ಚದರ ಕಿಲೋಮೀಟರ್. ಜನ ಮನೆಮಾಡಿ ಬದುಕುತ್ತಿರುವುದು ಹತ್ತರಲ್ಲಿ. ಬಂಗಾರಂ ಎಂಬ ಒಂದನ್ನು ಬಿಟ್ಟು ಉಳಿದೆಡೆ ಪಾನನಿಷೇಧ. ಇದು ಗೊತ್ತಾದ ಕ್ಷಣದಿಂದ ನಮ್ಮ ಭಾವ ಬಂಗಾರಂನ ಪರ ವಕೀಲರಾದರು. ಅಲ್ಲಿಯ ಹವಳ ಬೇರೆ, ಗಾಳಿ ಬೇರೆ, ಸೂರ್ಯಾಸ್ತವೂ ಬೇರೆಯಂತೆ. ರೆಸಾರ್ಟ್ ಬಿಟ್ಟರೆ ಅಲ್ಲಿ ಊರೇ ಇಲ್ಲ ಎಂದು ಅಕ್ಕ ತಕರಾರೆತ್ತಿದಾಗ, 'ಅದಕ್ಕೇ ಅಲ್ಲವೇ ಶಾಂತಿ' ಎಂದರು.

ಎರಡನೆಯ ಪೆಟ್ಟು ಪರವಾನಗಿ. ಮಾಲ್ಡೀವ್ಸ್ ವಿದೇಶ. ಅಲ್ಲಿಗೆ ಭಾರತೀಯರು ಪಾಸ್‌ಪೋರ್ಟ್ ಹಿಡಿದು ಹೋದರೆ ಇಳಿದ ಕಡೆಯೇ ವೀಸಾ ಒತ್ತಿ ಕಳಿಸುತ್ತಾರೆ. ಲಕ್ಷದ್ವೀಪ ಸ್ವದೇಶ, ಹೀಗಾಗಿ ಅಲ್ಲಿಗೆ ಮುಂಚಿತವಾಗಿ ಅನುಮತಿ ಬೇಕು. ಆ ನಿಯಮ 1967ರದು. ನಮ್ಮ ಏಜೆಂಟರು ಪೊಲೀಸರ ಪ್ರಮಾಣಪತ್ರವನ್ನೂ ತನ್ನಿ ಎಂದರು. ಠಾಣೆಯಲ್ಲಿ ಮೇಜಿನ ಹಿಂದೆ ಕುಳಿತಿದ್ದವರು ಕನ್ನಡಕ ಹಣೆಗೇರಿಸಿ ಕೇಳಿದರು:

'ಲಕ್ಷದ್ವೀಪವೇ? ಅದು ನಮ್ಮದೇ ಅಲ್ಲವೇ?'

'ನಮ್ಮದೇ ಸರ್. ಅದಕ್ಕೇ ಬೇಕಂತೆ.'

ಅರ್ಜಿಯಲ್ಲಿ 'ಪ್ರಯಾಣದ ಉದ್ದೇಶ' ಎಂಬ ಕಡೆ ಚಿಕ್ಕಪ್ಪ 'ದೇಶಪ್ರೇಮ' ಎಂದು ಬರೆದಿದ್ದರು. ಠಾಣೆಯವರು ಅದನ್ನು ಅಡ್ಡಗೆರೆ ಎಳೆದು ಹೊಡೆದುಹಾಕಿ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ 'ವಿಹಾರ' ಎಂದು ತಿದ್ದಿದರು. ಸರ್ಕಾರಿ ಕಡತವೊಂದರಲ್ಲಿ ಇಷ್ಟು ಕರಾರುವಾಕ್ಕಾದ ತಿದ್ದುಪಡಿಯನ್ನು ನಾನು ಬೇರೆಲ್ಲೂ ಕಂಡಿಲ್ಲ.

ಹಾಗೆಂದು ಪರವಾನಗಿಯನ್ನು ಹಳಿಯಲು ನನಗೆ ಮನಸ್ಸಿಲ್ಲ. ವಾರಾಂತ್ಯದಲ್ಲಿ ಮುಳ್ಳಯ್ಯನಗಿರಿಯ ದಾರಿಯಲ್ಲಿ ಕಾರುಗಳ ಸಾಲನ್ನೂ, ಸೋಮವಾರ ಬೆಳಿಗ್ಗೆ ಅದೇ ದಾರಿಯ ಪಕ್ಕದ ಕುರುಕಲು ಪೊಟ್ಟಣಗಳ ಸಾಲನ್ನೂ ನೋಡಿದವರು ಯಾರೂ ಹಳಿಯಲಾರರು. ನಮ್ಮಂಥವರು ಬರುತ್ತೇವೆಂದು 1967ರಲ್ಲೇ ಯಾರಿಗೋ ಹೊಳೆದಿರಬೇಕು.

ನೀರಿನ ವಿಷಯ ತೆಗೆದವನು ಅಕ್ಕನ ಮಗ. ಆ ಹವಳದ ನೆಲದಲ್ಲಿ ನದಿಯಿಲ್ಲ. ಮಳೆಯ ಸಿಹಿನೀರು ಮರಳಿನಲ್ಲಿ ಇಂಗಿ, ಕೆಳಗಿನ ಉಪ್ಪುನೀರಿನ ಮೇಲೆ ಹಾಲಿನ ಕೆನೆಯ ಹಾಗೆ ತೆಳ್ಳಗೆ ನಿಲ್ಲುತ್ತದೆ. ಹೆಚ್ಚು ಎತ್ತಿದರೆ ಕೆನೆ ಹರಿದು ಉಪ್ಪು ಮೇಲೆ ಬರುತ್ತದೆ. ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ 2005ರಿಂದ ಒಂದು ಸ್ಥಾವರ ಇದೆ. ಮೇಲಿನ ಬೆಚ್ಚಗಿನ ಕಡಲನೀರನ್ನು ಕಡಿಮೆ ಒತ್ತಡದಲ್ಲಿ ಆವಿಮಾಡಿ, ಆಳದ ತಣ್ಣನೆಯ ನೀರಿನಿಂದ ತಂಪಾಗಿಸಿ, ದಿನಕ್ಕೆ ಒಂದು ಲಕ್ಷ ಲೀಟರ್ ಕುಡಿಯುವ ನೀರು ಕೊಡುವಂತೆ ಕಟ್ಟಿದ್ದು. ಊರಿನ ಜನ ಹತ್ತು ಸಾವಿರಕ್ಕೂ ಹೆಚ್ಚು. ಹುಡುಗ ಇದನ್ನೆಲ್ಲ ಗುಂಪಿನಲ್ಲಿ ಬರೆದು, 'ನಾವು ಹದಿನಾಲ್ಕು ಜನ ದಿನಕ್ಕೆ ಎರಡು ಸಲ ಸ್ನಾನ ಮಾಡಿದರೆ ಎಷ್ಟು?' ಎಂದು ಕೇಳಿದ. ಉತ್ತರವಾಗಿ ಅವನ ಅಜ್ಜ ಬೆಳಗಿನ ಶುಭಾಶಯದ ಗುಲಾಬಿ ಹೂವು ಕಳಿಸಿದರು.

ಇಲ್ಲಿ ಸ್ವಲ್ಪ ದಾರಿ ತಪ್ಪುತ್ತೇನೆ, ತಪ್ಪಲೇಬೇಕು. 'ನಮ್ಮ ದ್ವೀಪ, ನಮ್ಮ ದ್ವೀಪ' ಎಂದು ಆ ಜನವರಿಯಲ್ಲಿ ಎದೆ ತಟ್ಟಿಕೊಂಡ ಕನ್ನಡಿಗರಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತೋ ಕಾಣೆ, ಅವುಗಳಲ್ಲಿ ಐದು ದ್ವೀಪಗಳು ಸುಮಾರು ಒಂದೂವರೆ ಶತಮಾನ ಮಂಗಳೂರಿನ ಕಲೆಕ್ಟರರ ಲೆಕ್ಕದಲ್ಲೇ ಇದ್ದವು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ. ಕಣ್ಣೂರಿನ ಅರಕ್ಕಲ್ ಮನೆತನದ ಕಾಟ ತಾಳದೆ ಅಲ್ಲಿಯ ಜನ ಟಿಪ್ಪುವಿನ ಆಶ್ರಯ ಕೇಳಿದರು. ಅವನು ಬಿದ್ದಮೇಲೆ ಬ್ರಿಟಿಷರು ಆ ದ್ವೀಪಗಳನ್ನು ಕೆನರಾದ ಬಾಲಕ್ಕೆ ಕಟ್ಟಿದರು. ದ್ವೀಪದವರು ಹಾಯಿದೋಣಿಗಳಲ್ಲಿ ತೆಂಗಿನ ನಾರು ಹೊತ್ತು ಮಂಗಳೂರಿಗೆ ಬರುತ್ತಿದ್ದರು. ನಾರಿನ ವ್ಯಾಪಾರ ಸರ್ಕಾರದ ಏಕಸ್ವಾಮ್ಯ, ಪ್ರತಿಫಲ ಅಕ್ಕಿ. ಅಕ್ಕಿ ಬೆಳೆಯದ ನೆಲದಲ್ಲಿ ಆ ಅಕ್ಕಿಯೇ ಬದುಕು.

ನಮಗೆ ಏಕೀಕರಣವಾದ 1956ರ ನವೆಂಬರ್ 1ರಂದೇ ಆ ಐದು ದ್ವೀಪಗಳು ದಕ್ಷಿಣ ಕನ್ನಡ ಜಿಲ್ಲೆಯಿಂದ ಕಳಚಿ ಕೇಂದ್ರಾಡಳಿತಕ್ಕೆ ಸೇರಿದವು. ನಮ್ಮ ರಾಜ್ಯಕ್ಕೆ 'ಕರ್ನಾಟಕ' ಎಂದು ಹೆಸರಿಟ್ಟ 1973ರ ನವೆಂಬರ್ 1ರಂದೇ ಆ ಪ್ರದೇಶಕ್ಕೂ 'ಲಕ್ಷದ್ವೀಪ' ಎಂಬ ಹೆಸರು ಬಂತು. ಎರಡು ಸಲ ಒಂದೇ ದಿನ ತೊಟ್ಟಿಲು ಕಟ್ಟಿಸಿಕೊಂಡ ನೆಂಟರು. ಇಷ್ಟು ವರ್ಷಗಳ ರಾಜ್ಯೋತ್ಸವದ ಭಾಷಣಗಳಲ್ಲಿ ಆ ನೆಂಟರ ಹೆಸರನ್ನು ನಾನು ಒಮ್ಮೆಯೂ ಕೇಳಿಲ್ಲ.

ತೆಂಕಣ ತುದಿಯ ಮಿನಿಕಾಯ್ ದ್ವೀಪದ ಕಥೆ ಇನ್ನೂ ಸ್ವಾರಸ್ಯ. ಅಲ್ಲಿಯವರ ಮನೆಮಾತು ಮಹಲ್. ಮಹಲ್ ಎಂದರೆ ಮಾಲ್ಡೀವ್ಸಿನ ದಿವೇಹಿಯೇ. ಅವರಿಗೆ ಕೊಚ್ಚಿಗಿಂತ ಮಾಲ್ಡೀವ್ಸಿನ ಬಡಗಣ ದ್ವೀಪಗಳೇ ಹತ್ತಿರ. ನಾವು ಇಲ್ಲಿ ಕುಳಿತು ಮಾಲ್ಡೀವ್ಸನ್ನು ಬೈಯುತ್ತಿದ್ದ ಹೊತ್ತಿನಲ್ಲಿ, ಅದೇ ಭಾಷೆಯಲ್ಲಿ ಮಿನಿಕಾಯ್‌ನ ಯಾವುದೋ ತಾಯಿ ಮಗುವನ್ನು ಮಲಗಿಸುತ್ತಿದ್ದಿರಬೇಕು. ಚಿಕ್ಕಪ್ಪನಿಗೆ ಹೇಳಿದೆ. 'ಹಾಗಾದರೆ ಮಿನಿಕಾಯ್ ಬೇಡ' ಎಂದರು.

ಪ್ರವಾಸ ನಡೆಯಲಿಲ್ಲ ಎಂದು ಬೇರೆ ಹೇಳಬೇಕೇ? ಹದಿನಾಲ್ಕು ಜನಕ್ಕೆ ಒಂದೇ ಕಡೆ ಕೋಣೆಗಳು ಸಿಗಲಿಲ್ಲ. ಸಿಕ್ಕ ದಿನಗಳಲ್ಲಿ ಮಕ್ಕಳ ಪರೀಕ್ಷೆ. ರಜೆ ಬರುವ ಹೊತ್ತಿಗೆ ಮಳೆಗಾಲದ ಕಡಲು ಹತ್ತಿರವಾಗಿತ್ತು. ಹಡಗಿನಲ್ಲಿ ರಾತ್ರಿ ಕಳೆಯಬೇಕು ಎಂದಾಗ ಸೋದರತ್ತೆಗೆ ಕುಳಿತಲ್ಲೇ ವಾಕರಿಕೆ ಬಂತು. ಗುಂಪು ಮತ್ತೆ ಗುಲಾಬಿ ಹೂವುಗಳಿಗೆ ಮರಳಿತು.

ಇಲ್ಲಿಯವರೆಗೆ ನಕ್ಕಿದ್ದಾಯಿತು. ನನ್ನನ್ನು ಕೊರೆಯುವುದು ಬೇರೆ. 2021ರಲ್ಲಿ ಅಲ್ಲಿಯ ಆಡಳಿತ ಒಂದರ ಮೇಲೊಂದು ಕರಡು ನಿಯಮ ತಂದಿತು. ಅಭಿವೃದ್ಧಿಯ ಹೆಸರಿನಲ್ಲಿ ಯಾರ ಭೂಮಿಯನ್ನಾದರೂ ತೆಗೆದುಕೊಳ್ಳುವ ಅಧಿಕಾರ ಒಂದರಲ್ಲಿ. ಅಪರಾಧವೇ ಅಪರೂಪವಾದ ಆ ನೆಲಕ್ಕೆ, ವಿಚಾರಣೆಯಿಲ್ಲದೆ ಒಂದು ವರ್ಷದವರೆಗೆ ಕೂಡಿಹಾಕಬಲ್ಲ ಗೂಂಡಾ ಕಾಯ್ದೆ ಇನ್ನೊಂದರಲ್ಲಿ. ದಡದ ಮೀನುಗಾರರ ಗುಡಿಸಲುಗಳನ್ನು ಕೆಡವಲಾಯಿತು. ಜೂನ್ 7ರಂದು ದ್ವೀಪದ ಜನ ತಮ್ಮ ತಮ್ಮ ಮನೆಯಂಗಳದಲ್ಲೇ ಹನ್ನೆರಡು ಗಂಟೆ ಉಪವಾಸ ಕುಳಿತರು. ಆ ದಿನ ಲಕ್ಷದ್ವೀಪದ ಹುಡುಕಾಟ ಶೇಕಡಾ ಎಷ್ಟು ಏರಿತು ಎಂದು ಯಾವ ಕಂಪನಿಯೂ ಹೇಳಲಿಲ್ಲ. ನಮ್ಮ ಗುಂಪಿನ ಹಳೆಯ ಸಂದೇಶಗಳನ್ನು ತೆಗೆದು ನೋಡಿದೆ. ಆ ದಿನ ನಾವು ಚರ್ಚಿಸಿದ್ದು ಹಲಸಿನ ಹಪ್ಪಳ.

ಹೆಲಿಕಾಪ್ಟರ್ ಬಂದರೆ ಮಾತ್ರ ದೊಡ್ಡ ಆಸ್ಪತ್ರೆ ಕಾಣುವ ರೋಗಿಗಳು ಅಲ್ಲಿದ್ದಾರೆ. ಹಡಗುಗಳು ದುರಸ್ತಿಗೆ ನಿಂತಾಗ ಟಿಕೆಟ್ ಸಿಗದೆ ಕೊಚ್ಚಿಯಲ್ಲಿ ದಿನಗಟ್ಟಲೆ ಕಾಯುವವರು ಅಲ್ಲಿಯವರೇ. 2025ರ ಜುಲೈನಲ್ಲಿ, ಒಮ್ಮೆ ಮಂಗಳೂರಿನ ಲೆಕ್ಕದಲ್ಲಿದ್ದ ಆ ಐದರಲ್ಲಿ ಒಂದಾದ ಬಿತ್ರಾವನ್ನು ರಕ್ಷಣಾ ಕಾರಣಕ್ಕೆ ಇಡಿಯಾಗಿ ಪಡೆಯುವ ಪ್ರಕ್ರಿಯೆಗೆ ಅಧಿಸೂಚನೆ ಹೊರಟಿತು. ಜನವಸತಿ ಇರುವ ದ್ವೀಪಗಳಲ್ಲೇ ಅತಿ ಚಿಕ್ಕದು, ಸುಮಾರು ಇಪ್ಪತ್ತಾರು ಎಕರೆ. 2011ರ ಜನಗಣತಿಯಂತೆ ಅಲ್ಲಿ ಇದ್ದವರು 271 ಜನ. ನಮ್ಮ ಮದುವೆಗಳಲ್ಲಿ ಎರಡನೆಯ ಪಂಕ್ತಿಗೆ ಕೂರುವಷ್ಟು ಜನ. ಅವರ ನೆಲದ ಬಗ್ಗೆ ಒಬ್ಬ ನಟನೂ ಒಂದು ಚಿತ್ರ ಹಾಕಲಿಲ್ಲ. ದ್ವೀಪವನ್ನು ಯಾರಾದರೂ ಹಳಿದರೆ ನಮಗೆ ಸಿಟ್ಟು ಬರುತ್ತದೆ, ದ್ವೀಪದವರು ಅತ್ತರೆ ಬರುವುದಿಲ್ಲ. ನನಗೂ ಬಂದಿರಲಿಲ್ಲ, ನಾನೂ ಆ ದಿನ ಹಪ್ಪಳದ ಬಗ್ಗೆಯೇ ಬರೆದಿದ್ದೆ. ಇದನ್ನು ಹಾಸ್ಯ ಮಾಡುವುದು ಹೇಗೆ ಎಂದು ತಿಳಿಯುತ್ತಿಲ್ಲ.

ಹೋಗಲಿ. ಅದೇ ಜುಲೈನಲ್ಲಿ ಪ್ರಧಾನಿ ಮಾಲೆಗೆ ಹೋಗಿ, ಆ ದೇಶದ ಸ್ವಾತಂತ್ರ್ಯದ ಅರವತ್ತನೆಯ ವರ್ಷದ ಸಮಾರಂಭದಲ್ಲಿ ಮುಖ್ಯ ಅತಿಥಿಯಾಗಿ ನಿಂತರು. 4,850 ಕೋಟಿ ರೂಪಾಯಿಗಳ ಸಾಲದ ನೆರವು ಘೋಷಣೆಯಾಯಿತು. ನೆರೆಹೊರೆಯೊಂದಿಗೆ ಜಗಳ ಮುಗಿಸುವುದು ವಿವೇಕ, ಅದರಲ್ಲಿ ನನಗೆ ತಕರಾರಿಲ್ಲ. ಆದರೆ ಜಗಳ ಮುಗಿದ ಸುದ್ದಿಯನ್ನು ಸೈನಿಕರಿಗೆ ಯಾರೂ ತಿಳಿಸುವುದಿಲ್ಲವಲ್ಲ. 2023ರಲ್ಲಿ ಮಾಲ್ಡೀವ್ಸಿಗೆ ಹೋದ ಭಾರತೀಯರು ಎರಡು ಲಕ್ಷ ದಾಟಿದ್ದರು, 2024ರಲ್ಲಿ ಅದು ಸುಮಾರು 1.3 ಲಕ್ಷಕ್ಕೆ ಇಳಿಯಿತು. ಆ ಕಡಿಮೆಯಾದವರಲ್ಲಿ ತಾವೂ ಒಬ್ಬರು ಎಂದು ಚಿಕ್ಕಪ್ಪ ಇಂದಿಗೂ ನಂಬಿದ್ದಾರೆ. ಜಾಹೀರಾತಿನ ಕೆಳಗೆ ನಾನು ಮೆಲ್ಲಗೆ ಕೇಳಿದೆ:

'ಚಿಕ್ಕಪ್ಪ, ಬಹಿಷ್ಕಾರ?'

'ಅದು ಆಗ' ಎಂದು ಬರೆದರು. ನಾಲ್ಕಕ್ಷರದಲ್ಲಿ ವಿದೇಶಾಂಗ ನೀತಿ ಮುಗಿಯಿತು.

ಈ ಮಧ್ಯೆ ಕೆಲಸದ ಮೇಲೆ ಮಂಗಳೂರಿಗೆ ಹೋಗಿದ್ದವನು ಹಳೆ ಬಂದರಿನ ದಕ್ಕೆಗೆ ಹೋದೆ. ಅಲ್ಲಿಂದ ಇಂದಿಗೂ ಮಂಜಿ ಎಂಬ ದೋಣಿಗಳು ಲಕ್ಷದ್ವೀಪಕ್ಕೆ ಸರಕು ಒಯ್ಯುತ್ತವೆ. ಒಂದು ಮಂಜಿಗೆ ಹೇರು ನಡೆದಿತ್ತು. ಸಿಮೆಂಟಿನ ಚೀಲ, ಜಲ್ಲಿ, ಈರುಳ್ಳಿ, ಬಾಳೆಗೊನೆ. ಎಲ್ಲದರ ಮೇಲೆ ತಲೆಕೆಳಗಾಗಿ ಕಟ್ಟಿದ ಒಂದು ಸಣ್ಣ ಸೈಕಲ್, ಹಿಡಿಕೆಗೆ ಇನ್ನೂ ಅಂಗಡಿಯ ಪ್ಲಾಸ್ಟಿಕ್ ಸುತ್ತಿಕೊಂಡೇ ಇತ್ತು. ಯಾವ ದ್ವೀಪಕ್ಕೆ ಎಂದು ಕೇಳಿದೆ. ಹಗ್ಗ ಬಿಗಿಯುತ್ತಿದ್ದ ಖಲಾಸಿ ತಲೆ ಎತ್ತದೆ 'ಕಿಲ್ತಾನ್' ಎಂದ. ಫೋಟೊ ತೆಗೆದು ಕುಟುಂಬದ ಗುಂಪಿಗೆ ಹಾಕಿದೆ.

ಸೋದರತ್ತೆ ಕೈಮುಗಿದರು. ಭಾವ, ಬಂಗಾರಂಗೆ ಹೋಗುತ್ತದೆಯೇ ಕೇಳು ಎಂದರು. ಸ್ವಲ್ಪ ಹೊತ್ತಿನ ಮೇಲೆ ಚಿಕ್ಕಪ್ಪ ಬರೆದರು: 'ನೀರು ಚೆನ್ನಾಗಿದೆ. ಮಾಲ್ಡೀವ್ಸೇ?'